ಕಾಂಪೌಂಡಿನ ಮರ ಯಾರೋ ಕಡಿದುಹಾಕಿದ್ದಾರೆ: ಯಾವ ಮರ, ಎಷ್ಟು ಬೆಲೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಸಂಪಿಗೆ ಮರವಿತ್ತು. ಶಿವಮೊಗ್ಗದಲ್ಲಿ ಮದುವೆ ಮುಗಿಸಿಕೊಂಡು ನಾಲ್ಕು ದಿನ ಬಿಟ್ಟು ಬರುವಷ್ಟರಲ್ಲಿ, ಪಕ್ಕದ ಸೈಟಿನ ಮೇಸ್ತ್ರಿ ಅದನ್ನು ಉರುಳಿಸಿ ಸಾಗಿಸಿಯೂ ಆಗಿತ್ತು. "ಸೆಂಟ್ರಿಂಗಿಗೆ ಅಡ್ಡ ಬರ್ತಿತ್ತು ಸಾರ್" ಅಂದ. ಸಂಕಟದಲ್ಲಿ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಆಳು ಕರೆಸಿ ಬೊಡ್ಡೆ ಕೀಳಿಸಿ, ಎಲೆ ಕಸವೆಲ್ಲ ಗುಡಿಸಿದೆ. ಆ ಬೊಡ್ಡೆಯೇ ನನ್ನ ಏಕೈಕ ಸಾಕ್ಷಿ ಎಂದು ಹೇಳಲು ಆಗ ಯಾರೂ ಇರಲಿಲ್ಲ. ಆಮೇಲೆ ವಕೀಲರು, ಅರಣ್ಯದವರು, ಸಾಮಿಲ್‌ನವರು ಎಲ್ಲರನ್ನೂ ಸುತ್ತಿ ಕಲಿತಿದ್ದನ್ನು, ಇದೇ ಸ್ಥಿತಿಯಲ್ಲಿ ಫೋನ್ ಮಾಡುವವರಿಗೆ ಹೇಳುತ್ತಾ ಬಂದಿದ್ದೇನೆ. ಅವರು ಕೇಳುವ ಪ್ರಶ್ನೆಗಳು ಇವು. ನಾನು ವಕೀಲನಲ್ಲ. ದಾವೆ ಹೂಡುವ ಮಟ್ಟಕ್ಕೆ ಹೋದರೆ ವಕೀಲರನ್ನು ಕಾಣಲೇಬೇಕು.

ಈಗಷ್ಟೇ ಗೊತ್ತಾಯಿತು. ಮೊದಲು ಏನು ಮಾಡಲಿ?

ಏನನ್ನೂ ಗುಡಿಸಬೇಡಿ. ಬೊಡ್ಡೆ, ಬಿದ್ದ ಎಲೆ, ಕಾಯಿ, ತೊಗಟೆ ಚೂರು, ಗರಗಸದ ಹುಡಿ ಎಲ್ಲ ಇದ್ದಲ್ಲೇ ಇರಲಿ. ಜಗಳಕ್ಕೆ ಹೋಗುವ ಮೊದಲು ಫೋಟೋ ತೆಗೆಯಿರಿ. ದೂರದಿಂದ ಮನೆ, ಕಾಂಪೌಂಡು, ಬೊಡ್ಡೆ ಮೂರೂ ಒಂದೇ ಚಿತ್ರದಲ್ಲಿ ಕಾಣಬೇಕು. ಹತ್ತಿರದಿಂದ ತೆಗೆಯುವಾಗ ಬೊಡ್ಡೆಯ ಮೇಲೆ ಅಳತೆ ಟೇಪು ಹಾಸಿರಬೇಕು. ದಿಮ್ಮಿಗಳು ಇನ್ನೂ ಅಲ್ಲೇ ಇದ್ದರೆ ಒಂದೊಂದರ ಸುತ್ತಳತೆ, ಉದ್ದ ಬರೆದುಕೊಳ್ಳಿ. ಸಾಗಿಸುತ್ತಿದ್ದರೆ ಲಾರಿಯ ನಂಬರ್ ಬರುವ ಹಾಗೆ ವಿಡಿಯೋ ಮಾಡಿ. ಆಮೇಲೆ ನೆರೆಯ ಇಬ್ಬರನ್ನು ಕರೆದು, ಕಂಡದ್ದನ್ನು ಕಾಗದದ ಮೇಲೆ ಬರೆದು ದಿನಾಂಕ ಹಾಕಿ ಸಹಿ ಮಾಡಿಸಿ. ಪೊಲೀಸರ ಮಹಜರಿಗೆ ಇದು ಸಮವಲ್ಲ, ಆದರೆ ಮೂರು ವರ್ಷ ಬಿಟ್ಟು "ಅಲ್ಲಿ ಮರವೇ ಇರಲಿಲ್ಲ" ಎನ್ನುವವರ ಬಾಯಿ ಮುಚ್ಚಿಸಲು ಸಾಕು.

ಮೂಲ ಫೋಟೋ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನ, ಜಾಗದ ವಿವರ ಅಳಿಸಿಹೋಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಫೋಟೋ, ವಿಡಿಯೋ ಜೊತೆಗೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಹಾಗಾಗಿ ಯಾವ ಫೋನಿನಿಂದ ತೆಗೆದದ್ದು ಎಂಬುದೂ ಮುಖ್ಯ.

ಬೊಡ್ಡೆ ಮಾತ್ರ ಉಳಿದಿದೆ. "ಅದು ಸುಬಾಬುಲ್, ಕಳೆ ಮರ" ಅಂತಾರೆ. ನಮ್ಮದು ಹೊಂಗೆ ಎಂದು ತೋರಿಸುವುದು ಹೇಗೆ?

ಮೊದಲು ನೆಲ ನೋಡಿ. ಹೊಂಗೆಯ ಅಡಿಯಲ್ಲಿ ಚಪ್ಪಟೆಯಾದ, ಒಂದೇ ಬೀಜವಿರುವ ಗಟ್ಟಿ ಕಾಯಿ ಬಿದ್ದಿರುತ್ತದೆ. ಸುಬಾಬುಲ್ ಆದರೆ ಉದ್ದನೆಯ ತೆಳು ಕಾಯಿಗಳು, ಒಳಗೆ ಸಾಲು ಬೀಜ. ಚಾವಣಿಯ ಮೇಲೆ, ಮಳೆನೀರಿನ ಕೊಳವೆಯಲ್ಲಿ, ಸಂಪಿನ ಮುಚ್ಚಳದ ಸಂದಿಯಲ್ಲಿ ಹಳೆಯ ಎಲೆಗಳು ಸಿಗುತ್ತವೆ. ಕಡಿದವರಿಗೆ ಅಲ್ಲೆಲ್ಲ ಗುಡಿಸುವ ವ್ಯವಧಾನ ಇರುವುದಿಲ್ಲ. ಸಿಕ್ಕಿದ್ದನ್ನು ಹಳೆ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಎಲ್ಲಿ ಯಾವಾಗ ಸಿಕ್ಕಿತು ಎಂದು ಚೀಟಿ ಅಂಟಿಸಿ.

ಆಮೇಲೆ ಬೊಡ್ಡೆಯ ಮೇಲ್ಮೈ. ಚೂಪಾದ ಉಳಿಯಿಂದ ಸ್ವಲ್ಪ ಹೆರೆದು ನುಣುಪು ಮಾಡಿ, ನೀರು ಚಿಮುಕಿಸಿ, ಭೂತಗನ್ನಡಿ ಹಿಡಿಯಿರಿ. ಹಲಸಿನ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ತಿರುಳು, ಹಳದಿ, ಗಾಳಿಗೆ ಬಿದ್ದಷ್ಟೂ ಕಂದು. ತೊಗಟೆ ಗೀರಿದರೆ ಅಂಟು ಹಾಲು. ಹುಣಸೆಯಲ್ಲಿ ಹೊರಸುತ್ತಿನ ಬಿಳಿ ಭಾಗವೇ ಹೆಚ್ಚು, ನಡುವೆ ಚಿಕ್ಕದಾಗಿ ಕಪ್ಪು-ನೇರಳೆ ಚೇಗು. ಮಳೆಮರದ ಚೇಗು ಚಾಕೊಲೇಟಿನ ಬಣ್ಣ, ಸುತ್ತ ತೆಳು ಹಳದಿ. ತೇಗದ ವಾಸನೆ ಚರ್ಮದ ಚೀಲದ ಹಾಗಿರುತ್ತದೆ, ಉಂಗುರಗಳೂ ಬರಿಗಣ್ಣಿಗೆ ಕಾಣುತ್ತವೆ. ಗುಲ್ಮೊಹರ್ ಮೆತ್ತಗಿನ ಬಿಳಿಚು ಮರ, ಹುಳು ಬೇಗ ಹಿಡಿಯುತ್ತದೆ. ಹೊಂಗೆಯಲ್ಲಿ ಚೇಗಿಗೂ ಹೊರ ಭಾಗಕ್ಕೂ ಬಣ್ಣದ ವ್ಯತ್ಯಾಸ ಅಷ್ಟಾಗಿ ಇಲ್ಲ. ಬಣ್ಣ ಮೊದಲ ವಾರದಲ್ಲಿ ಮಾತ್ರ ನಂಬಿಕೆಗೆ ಅರ್ಹ. ಬಿಸಿಲು ಮಳೆ ಕಂಡ ಮೇಲೆ ಎಲ್ಲ ಬೊಡ್ಡೆಯೂ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಬೊಡ್ಡೆಗೆ ಒಂದಿಷ್ಟು ನೀರು ಹಾಕುತ್ತಾ ಇರಿ. ಹೊಂಗೆ, ಬೇವು, ತೇಗ ಇವೆಲ್ಲ ಬುಡದಿಂದ ಮತ್ತೆ ಚಿಗುರುತ್ತವೆ. ಚಿಗುರಿಗಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಚಿಗುರೆಲೆ ಕೆಲವೊಮ್ಮೆ ಬಲಿತ ಎಲೆಯ ಹಾಗಿರುವುದಿಲ್ಲ, ತೇಗದ ಬುಡಚಿಗುರಿನ ಎಲೆ ಮೊರದಗಲ ಇರುತ್ತದೆ. ಮೊಬೈಲ್ ಆ್ಯಪು ಅಲ್ಲಿ ಎಡವುವುದುಂಟು.

ಎದುರಾಳಿ ಒಪ್ಪದಿದ್ದರೆ ಒಂದು ಹಿಡಿಯಷ್ಟು ಮರದ ತುಂಡನ್ನು, ತೊಗಟೆ ಸಮೇತ, ಚೇಗು ಮತ್ತು ಹೊರ ಭಾಗ ಎರಡೂ ಬರುವಂತೆ ಕತ್ತರಿಸಿ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಕೊಡಬಹುದು. ಸೂಕ್ಷ್ಮದರ್ಶಕದಲ್ಲಿ ನಾಳಗಳ ಜೋಡಣೆ ನೋಡಿ ಮರ ಗುರುತಿಸುವುದು ಅಲ್ಲಿನವರ ಕಸುಬು. ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಲ್ಲೂ ಬಲ್ಲವರಿದ್ದಾರೆ. ತುಂಡು ಕತ್ತರಿಸುವಾಗ ಸಾಕ್ಷಿಗಳಿದ್ದರೆ ಒಳ್ಳೆಯದು. "ಬೇರೆ ಕಡೆಯಿಂದ ತಂದ ತುಂಡು" ಎಂಬ ಮಾತು ಬಂದೇ ಬರುತ್ತದೆ.

ಬೊಡ್ಡೆಯನ್ನೂ ಜೆಸಿಬಿಯಲ್ಲಿ ಎತ್ತಿಬಿಟ್ಟಿದ್ದಾರೆ. ಎಲ್ಲ ಮುಗಿಯಿತೇ?

ಇಲ್ಲ, ಕಷ್ಟವಾಯಿತು ಅಷ್ಟೆ. ಗುಂಡಿಯಲ್ಲಿ ಬೇರಿನ ತುಂಡು ಉಳಿದಿರುತ್ತದೆ. ನಂತರ ಚಿತ್ರಗಳ ಬೇಟೆಗೆ ಇಳಿಯಬೇಕು. ಗೃಹಪ್ರವೇಶದ ಆಲ್ಬಂ, ಮಗುವಿನ ನಾಮಕರಣ, ಕಾರು ಕೊಂಡ ದಿನ ನಿಂಬೆಹಣ್ಣು ಇಟ್ಟು ತೆಗೆಸಿದ ಫೋಟೋ. ಯಾರೂ ಮರದ ಫೋಟೋ ತೆಗೆದಿರುವುದಿಲ್ಲ, ಆದರೆ ಹಿಂದೆ ಮರ ನಿಂತಿರುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ನೋಡಬಹುದು, ನೆತ್ತಿಯ ಹರವನ್ನು ಅಳೆಯಲೂಬಹುದು. 2022ರಲ್ಲಿ ನಮ್ಮಲ್ಲಿ ಮತ್ತೆ ಬಂದ, ಗೂಗಲ್ ರಸ್ತೆ ಮಟ್ಟದಿಂದ ತೆಗೆದ ಸ್ಟ್ರೀಟ್ ವ್ಯೂ ಚಿತ್ರಗಳಲ್ಲಿ ರಸ್ತೆ ಕಡೆಯ ಮರ ಎಲೆ ಸಮೇತ ಕಾಣುವ ಸಾಧ್ಯತೆ ಇದೆ. ಎದುರು ಮನೆಯ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುವುದರಿಂದ ಅದನ್ನು ಮೊದಲ ದಿನವೇ ಕೇಳಿ.

ಬೊಡ್ಡೆಯ ಅಳತೆಯಿಂದ ಮರದ ಅಳತೆ ತೆಗೆಯುವುದು ಹೇಗೆ?

ಅರಣ್ಯದವರು ಮರದ ಸುತ್ತಳತೆ ಹಿಡಿಯುವುದು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ನಾಲ್ಕೂವರೆ ಅಡಿ, ಸುಮಾರಾಗಿ ಎದೆಮಟ್ಟ. ಬೊಡ್ಡೆ ಅದಕ್ಕಿಂತ ದಪ್ಪ. ಬೊಡ್ಡೆಯ ಅಳತೆಯನ್ನೇ ಹಿಡಿದು ಲೆಕ್ಕ ಕೊಟ್ಟರೆ ಎದುರು ವಕೀಲರಿಗೆ ಹಬ್ಬ. ಅದೇ ಬೀದಿಯಲ್ಲಿ ಅದೇ ಜಾತಿಯ ನಾಲ್ಕೈದು ಮರ ಹುಡುಕಿ, ನಿಮ್ಮ ಬೊಡ್ಡೆಯ ಎತ್ತರದಲ್ಲೊಮ್ಮೆ, ಎದೆಮಟ್ಟದಲ್ಲೊಮ್ಮೆ ಅಳೆಯಿರಿ. ಆ ಅನುಪಾತವನ್ನು ನಿಮ್ಮ ಬೊಡ್ಡೆಗೆ ಅನ್ವಯಿಸಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ.

ಉಂಗುರ ಎಣಿಸಿದರೆ ವಯಸ್ಸು ಸಿಗುತ್ತದಲ್ಲವೇ?

ತೇಗದಲ್ಲಿ ಸಿಗುತ್ತದೆ. ನಮ್ಮ ಹವೆಯಲ್ಲಿ ಬೆಳೆಯುವ ಬಹುಪಾಲು ಮರಗಳಲ್ಲಿ ವರ್ಷಕ್ಕೊಂದು ಸ್ಪಷ್ಟ ಉಂಗುರ ಕೂರುವುದಿಲ್ಲ. ಅದಕ್ಕಿಂತ ಮನೆಯ ಚರಿತ್ರೆಯೇ ವಾಸಿ: ಸೈಟು ಕೊಂಡ ವರ್ಷ, ಮನೆ ಕಟ್ಟಿದ ವರ್ಷ, ಗಿಡ ತಂದುಕೊಟ್ಟ ಭಾವನ ನೆನಪು. ಬೆಂಗಳೂರಿನ ಹಳೆ ಬಡಾವಣೆಯವರಿಗೆ ಇನ್ನೊಂದು ಸುಳಿವಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಲಾಯಿತು. ನಿಮ್ಮ ಬೀದಿಯ ಮರಗಳು ಆ ಕಾಲದವಾಗಿದ್ದು, ನಿಮ್ಮ ಮರವೂ ಅವುಗಳ ದಪ್ಪಕ್ಕೇ ಇತ್ತೆಂದು ತೋರಿಸಿದರೆ ವಯಸ್ಸಿನ ಅಂದಾಜು ಸಿಕ್ಕಿತು.

ಮರ ನಮ್ಮ ಜಾಗದಲ್ಲೇ ಇತ್ತು ಎಂದು ಯಾರು ಹೇಳಬೇಕು?

ಸರ್ವೆಯರ್. ಊರ ಕಡೆ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಗಡಿ ಗುರುತು ಮಾಡಿಸಿಕೊಳ್ಳಿ, ಬೊಡ್ಡೆ ಎಲ್ಲಿದೆ ಎಂದು ನಕ್ಷೆಯಲ್ಲಿ ನಮೂದಿಸಲು ಕೇಳಿ. ದಾವೆ ನಡೆಯುತ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಕೋರ್ಟ್ ಕಮಿಷನರ್ ಬಂದು ಸ್ಥಳ ನೋಡಿ ವರದಿ ಕೊಡುವಂತೆ ಕೋರಬಹುದು. ಕಾಂಡ ಗಡಿಯ ಮೇಲೇ ನಿಂತಿತ್ತು ಎಂದಾದರೆ ಮರ ಇಬ್ಬರಿಗೂ ಸೇರಿದ್ದು, ಬೆಲೆಯಲ್ಲಿ ನಿಮ್ಮ ಪಾಲೂ ಅರ್ಧ.

"ಸೌದೆ ಬೆಲೆ ಕೊಟ್ಟುಬಿಡ್ತೀವಿ" ಅಂತಾರೆ. ಅದು ನ್ಯಾಯವೇ?

ಎಲ್ಲರೂ ಮೊದಲು ಹೇಳುವ ಮಾತೇ ಇದು. ನನಗೂ ಹೇಳಿದ್ದರು. ನಾಟಾ ಲೆಕ್ಕ ಹೀಗೆ: ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. 157 ಸೆಂಟಿಮೀಟರ್ ಸುತ್ತಳತೆಯ, 3 ಮೀಟರ್ ಉದ್ದದ ದಿಮ್ಮಿ ಹೆಚ್ಚುಕಡಿಮೆ 0.46 ಘನ ಮೀಟರ್, ಸಾಮಿಲ್ ಭಾಷೆಯಲ್ಲಿ 16 ಸಿಎಫ್‌ಟಿ (ಘನ ಅಡಿ). ತೇಗವೋ ಬೀಟೆಯೋ ಆದರೆ ಇದು ದೊಡ್ಡ ಹಣ. ಹೊಂಗೆಗೆ, ಗುಲ್ಮೊಹರಿಗೆ, ಬಾದಾಮಿ ಮರಕ್ಕೆ ಒಲೆಯ ಬೆಲೆ ಅಷ್ಟೆ. ಆದರೆ ಮನೆ ಮುಂದೆ ಮರ ಬೆಳೆಸಿದವರು ಸೌದೆಗೆಂದು ಬೆಳೆಸಿರಲಿಲ್ಲವಲ್ಲ! ಪಶ್ಚಿಮದ ಗೋಡೆಗೆ ಬಿಸಿಲು ಬೀಳದಂತೆ, ಎದುರು ಕಟ್ಟಡದ ಕಿಟಕಿಗಳಿಂದ ಮರೆಯಾಗಲೆಂದು, ಹೂವಿಗೆಂದು ಬೆಳೆಸಿದ್ದು. ಕಳೆದುಕೊಂಡದ್ದು ಅದು, ಬೆಲೆಯೂ ಅದರದ್ದೇ ಆಗಬೇಕು.

ಇದಕ್ಕೆ ನಾನು ಹೇಳುವ ಮೊದಲ ದಾರಿ ಬಿಲ್ಲಿನ ದಾರಿ. ನರ್ಸರಿಯಲ್ಲಿ ಸಿಗುವ ಅದೇ ಜಾತಿಯ ಅತಿ ದೊಡ್ಡ ಗಿಡ, ಸಾಗಾಣಿಕೆ, ಗುಂಡಿ, ಮಣ್ಣು ಗೊಬ್ಬರ, ಊರೆಗಂಬ, ಮೂರು ಬೇಸಿಗೆ ನೀರು ಹಾಕುವ ಖರ್ಚು, ಹಳೆ ಬೊಡ್ಡೆ ತೆಗೆಸುವ ಖರ್ಚು, ಗಿಡ ಬೆಳೆಯುವ ತನಕ ನೆರಳು ಪರದೆ. ಮೂರು ಕಡೆಯಿಂದ ಕೊಟೇಶನ್ ತನ್ನಿ. ಬಿಲ್ಲು ಕಂಡರೆ ನ್ಯಾಯಾಲಯಕ್ಕೂ ನೆಮ್ಮದಿ, ರಾಜಿಗೆ ಕೂತವರಿಗೂ ಮಾತು ಕಡಿಮೆ.

ಮರ ದೊಡ್ಡದಿದ್ದರೆ ಬಿಲ್ಲಿನ ದಾರಿ ಸಾಲದು. ಅಷ್ಟು ದಪ್ಪದ ಮರ ಯಾವ ನರ್ಸರಿಯಲ್ಲೂ ಇಲ್ಲ. ಅಮೆರಿಕದ ಮರ ಮೌಲ್ಯಮಾಪಕರು ಬಳಸುವ ಕಾಂಡದ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಲಂಡನ್ನಿನಲ್ಲಿ ಮರಕ್ಕೆ ಬೆಲೆ ಕಟ್ಟುವ ಕ್ಯಾವಟ್ ಎಂಬ ಪದ್ಧತಿ, ಮೆಲ್ಬರ್ನ್ ನಗರಾಡಳಿತದ ಸೂತ್ರ ಕೂಡ ಕಾಂಡದ ಅಳತೆಯಿಂದಲೇ ಶುರುವಾಗುತ್ತವೆ. ಉದಾಹರಣೆ ನೋಡಿ, ದರ ಮಾತ್ರ ನನ್ನ ಊಹೆ. ಹೋದ ಹೊಂಗೆಯ ಸುತ್ತಳತೆ 157 ಸೆಂ.ಮೀ., ವ್ಯಾಸ 50. ನರ್ಸರಿಯ ದೊಡ್ಡ ಗಿಡದ ವ್ಯಾಸ 10 ಸೆಂ.ಮೀ., ನೆಟ್ಟು ನಿಲ್ಲಿಸುವ ತನಕ ಖರ್ಚು ₹20,000 ಎಂದುಕೊಳ್ಳಿ. ವ್ಯಾಸ ಐದು ಪಟ್ಟು ಆದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ 25 ಪಟ್ಟು. ಅಲ್ಲಿಗೆ ಮೂಲ ಬೆಲೆ ₹5,00,000. ಇದನ್ನು ಹಾಗೇ ಕೇಳುವಂತಿಲ್ಲ, ಕಳೆಯುತ್ತಾ ಬರಬೇಕು. ಆ ಜಾಗಕ್ಕೆ ಆ ಜಾತಿ ಎಷ್ಟು ಒಪ್ಪುತ್ತಿತ್ತು, 0.8. ಆರೋಗ್ಯ ಹೇಗಿತ್ತು, ಒಂದು ಕಡೆ ಪೊಟರೆ ಇತ್ತು, 0.7. ನಿಂತ ಸ್ಥಳ, ಗೋಡೆಗೆ ಸ್ವಲ್ಪ ಹತ್ತಿರ, 0.8. ಎಲ್ಲ ಗುಣಿಸಿದರೆ ₹2,24,000. ಈ ಅಂಕಿಗಳನ್ನು ನೀವೇ ಹಾಕಿಕೊಂಡರೆ ಯಾರೂ ನಂಬುವುದಿಲ್ಲ, ತೋಟಗಾರಿಕೆ ಅಥವಾ ಅರಣ್ಯದಲ್ಲಿ ಪಳಗಿದವರಿಂದ ಕಾರಣ ಸಮೇತ ಬರೆಸಬೇಕು. ಈ ಸೂತ್ರ ನಮ್ಮಲ್ಲಿ ಕಾನೂನಲ್ಲ, ತಜ್ಞರ ಅಭಿಪ್ರಾಯಕ್ಕೆ ಊರುಗೋಲು.

ಮರ ಹೋದದ್ದರಿಂದ ಆಸ್ತಿಯ ಬೆಲೆ ಎಷ್ಟು ಇಳಿಯಿತು ಎಂಬ ಲೆಕ್ಕವೂ ಒಂದಿದೆ. ಬೆಂಗಳೂರಿನಲ್ಲಿ ಅದಕ್ಕೆ ಕೈ ಹಾಕಬೇಡಿ. ಮರವಿಲ್ಲದ ಸೈಟೇ ಬೇಗ ಬಿಕರಿಯಾಗುವ ಊರು ಇದು.

ಹಣ್ಣಿನ ಮರಕ್ಕೂ ಇದೇ ಲೆಕ್ಕವೇ?

ಹಲಸು, ಮಾವು, ತೆಂಗು ಆದರೆ ಇಳುವರಿ ಲೆಕ್ಕಕ್ಕೆ ನ್ಯಾಯಾಲಯಗಳು ಒಗ್ಗಿಹೋಗಿವೆ. ಭೂಸ್ವಾಧೀನದ ಪ್ರಕರಣಗಳಲ್ಲಿ ವರ್ಷದ ನಿವ್ವಳ ಆದಾಯವನ್ನು ಇಷ್ಟು ವರ್ಷಕ್ಕೆಂದು ಗುಣಿಸುತ್ತಾರೆ. ಹರಿಯಾಣದ ಒಂದು ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಆ ಗುಣಕ 8ನ್ನು ಮೀರಬಾರದು ಎಂದಿತು. ವರ್ಷಕ್ಕೆ ₹6,000 ನಿವ್ವಳ ಕೊಡುತ್ತಿದ್ದ ಹಲಸು ಆ ಲೆಕ್ಕದಲ್ಲಿ ₹48,000. ನಿಮ್ಮದು ಭೂಸ್ವಾಧೀನ ಅಲ್ಲದಿದ್ದರೂ ಎದುರಿನವರು ಈ 8ನ್ನೇ ಹಿಡಿದುಕೊಳ್ಳುತ್ತಾರೆ, ಸಿದ್ಧರಾಗಿರಿ. ಇಳುವರಿ ಲೆಕ್ಕ ಹಿಡಿದ ಮೇಲೆ ಅದೇ ಮರಕ್ಕೆ ಕಾಂಡದ ಸೂತ್ರದ ಪೂರ್ತಿ ಮೊತ್ತ ಸೇರಿಸಬೇಡಿ. ಎರಡು ಸಲ ಎಣಿಸಿದಂತೆ ಕಂಡರೆ ಎರಡರ ಮೇಲೂ ನಂಬಿಕೆ ಹೋಗುತ್ತದೆ.

"ಒಂದು ಮರಕ್ಕೆ ವರ್ಷಕ್ಕೆ ₹74,500" ಎಂದು ಸುಪ್ರೀಂ ಕೋರ್ಟೇ ಹೇಳಿದೆಯಂತಲ್ಲ?

ಕೋರ್ಟ್ ಹೇಳಿದ್ದಲ್ಲ, ಕೋರ್ಟ್ ನೇಮಿಸಿದ್ದ ತಜ್ಞರ ಸಮಿತಿಯ ವರದಿಯಲ್ಲಿತ್ತು. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ ಮರ ಕಡಿಯುವ ಪ್ರಕರಣ, 2021ರಲ್ಲಿ ಸುದ್ದಿಯಾದದ್ದು. ಆಮ್ಲಜನಕದ ಪಾಲೇ ಅದರಲ್ಲಿ ₹45,000. ಇದಕ್ಕೂ ಹಿಂದೆ 1979ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಟಿ.ಎಂ. ದಾಸ್ 50 ವರ್ಷ ಬಾಳುವ ಮರದ ಸೇವೆಗೆ ₹15.7 ಲಕ್ಷ ಎಂದು ಲೆಕ್ಕ ಹಾಕಿದ್ದರು. ಇವೆಲ್ಲ ಮರ ಸಮಾಜಕ್ಕೆ ಕೊಡುವುದರ ಬೆಲೆ. ಊರಿಗೆಲ್ಲ ಹೋಗುವ ಆಮ್ಲಜನಕದ ದುಡ್ಡನ್ನು ನೀವೊಬ್ಬರೇ ಕೇಳಲಾಗದು. ನೋಟಿಸಿನಲ್ಲಿ ಹಾಕಿದರೆ ತೂಕ ಬರುತ್ತದೆ ಎಂದು ಕೆಲವರು ಹಾಕಿಸುತ್ತಾರೆ. ನನ್ನ ಅನಿಸಿಕೆ ಕೇಳಿದರೆ, ಉಳಿದ ಲೆಕ್ಕದ ಗಂಭೀರತೆಯೂ ಅದರಿಂದ ಹಾಳಾಗುತ್ತದೆ.

2025ರ ಮಾರ್ಚಿನ "ಮರಕ್ಕೆ ಒಂದು ಲಕ್ಷ" ಎಂಬುದು ಬೇರೆಯೇ. ತಾಜ್ ಮಹಲ್ ಸುತ್ತಲಿನ ಸಂರಕ್ಷಿತ ವಲಯದಲ್ಲಿ ಅನುಮತಿಯಿಲ್ಲದೆ 454 ಮರ ಕಡಿದವರಿಗೆ ಸುಪ್ರೀಂ ಕೋರ್ಟ್ ವಿಧಿಸಿದ ದಂಡ ಅದು, ನೆರೆಯವರಿಗೆ ಕೊಡಿಸಿದ ಪರಿಹಾರ ಅಲ್ಲ.

ಪೊಲೀಸರು "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂತಾರೆ.

ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಕಳ್ಳತನದ್ದು. ಅದರ ಮೊದಲ ಉದಾಹರಣೆಯೇ ಮರ! ಇನ್ನೊಬ್ಬರ ನೆಲದ ಮರವನ್ನು ಒಯ್ಯುವ ದುರುದ್ದೇಶದಿಂದ ಕಡಿದು ಬೇರ್ಪಡಿಸಿದ ಕ್ಷಣವೇ ಕಳ್ಳತನ ಆಯಿತು ಎನ್ನುತ್ತದೆ. ಹಳೆಯ ದಂಡ ಸಂಹಿತೆಯಲ್ಲೂ ಇದೇ ಉದಾಹರಣೆ ಇತ್ತು. ದೂರಿನಲ್ಲಿ ಈ ಸಾಲನ್ನು ಬರೆದುಕೊಂಡೇ ಹೋಗಿ.

ಒಯ್ಯದೆ ಬರೀ ಕಡಿದು ಹಾಕಿದ್ದರೆ, ಗೊತ್ತಿದ್ದೂ ಆಸ್ತಿಗೆ ನಷ್ಟ ಮಾಡಿದ 324ನೇ ಕಲಮು ಬರುತ್ತದೆ. ಅಲ್ಲಿ ಬೆಲೆಯ ಪಾತ್ರ ದೊಡ್ಡದು. ನಷ್ಟ ₹20,000ದಿಂದ ಒಂದು ಲಕ್ಷದೊಳಗಿದ್ದರೆ ಎರಡು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷ ಅಥವಾ ಮೇಲಾದರೆ ಐದು ವರ್ಷದವರೆಗೆ. ಸೌದೆ ಬೆಲೆ ಬರೆಸಿಕೊಂಡು ಬಂದವರ ದೂರು ಹಗುರವಾಗುವುದು ಇದಕ್ಕೇ. ದೂರು ಕೊಡುವ ಮೊದಲೇ ಒಂದು ಅಂದಾಜು ಪತ್ರ ಕೈಯಲ್ಲಿರಲಿ.

ಮರ ಕಡಿಯಲು ಇಲಾಖೆಯ ಅನುಮತಿ ಬೇಕಲ್ಲವೇ?

ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ 8ನೇ ಕಲಮಿನ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷ ಅಧಿಕಾರಿಯ (ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿ) ಅನುಮತಿ ಬೇಕು. ಕಡಿಯುವುದು ಎಂದರೆ ಬುಡ ಸುತ್ತ ತೊಗಟೆ ಸುಲಿಯುವುದು, ಸುಡುವುದು, ವಿಷ ಹಾಕುವುದು ಕೂಡ ಸೇರಿತು. ರಾತ್ರೋರಾತ್ರಿ ಬುಡಕ್ಕೆ ತೂತು ಕೊರೆದು ಆಸಿಡ್ ಸುರಿಯುವವರಿಗೆ ಇದು ಗೊತ್ತಿರಲಿ. ಆದ್ದರಿಂದ ವೃಕ್ಷ ಅಧಿಕಾರಿಗೂ ಒಂದು ದೂರು ಕೊಡಿ. ಅವರು ಸ್ಥಳಕ್ಕೆ ಬಂದು ಬರೆದುಕೊಂಡ ಜಾತಿ, ಸುತ್ತಳತೆ ನಿಮ್ಮ ಸಿವಿಲ್ ದಾವೆಗೆ ಚಿನ್ನದಂಥ ದಾಖಲೆ.

ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಸುಬಾಬುಲ್ ಮುಂತಾದವಕ್ಕೆ ಆ ಅನುಮತಿಯ ವಿನಾಯಿತಿ ಇದೆ. ಮೇಲೆ ಹೊಂಗೆಯನ್ನು ಸುಬಾಬುಲ್ ಎಂದವರ ಜಾಣತನ ಈಗ ಅರ್ಥವಾಗಿರಬೇಕು. ಆದರೆ ವಿನಾಯಿತಿ ಇರುವುದು ಮರದ ಒಡೆಯರಿಗೆ. ನಿಮ್ಮ ತೆಂಗಿನಮರವನ್ನು ಪಕ್ಕದವರು ಕಡಿಯಬಹುದು ಎಂದಲ್ಲ.

ವಿದ್ಯುತ್ ಕಂಪನಿಯವರು ಕಡಿದರೆ?

ತಂತಿ ಮೊದಲೋ ಮರ ಮೊದಲೋ ಎಂಬುದೇ ಪ್ರಶ್ನೆ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 68ನೇ ಕಲಮಿನಲ್ಲಿ, ತಂತಿ ಎಳೆಯುವ ಮೊದಲೇ ಇದ್ದ ಮರ ತೆಗೆಸಿದರೆ ಸೂಕ್ತ ಪರಿಹಾರ ಕೊಡಿಸಬೇಕು ಎಂದಿದೆ. ಹಳೆ ಫೋಟೋ, ಮೀಟರ್ ಪಡೆದ ವರ್ಷದ ಕಾಗದ ಹುಡುಕಿ.

ಪಕ್ಕದವರು ತಮ್ಮ ಕಡೆ ಚಾಚಿದ ಕೊಂಬೆ ಮಾತ್ರ ಕಡಿದಿದ್ದಾರೆ.

ಗಡಿಯ ತನಕ, ನಿಮ್ಮ ಜಾಗಕ್ಕೆ ಕಾಲಿಡದೆ ಕಡಿದಿದ್ದರೆ ನಿಮಗೆ ಸಿಗುವುದು ಹೆಚ್ಚೇನಿಲ್ಲ. ಕೊಂಬೆ, ಕಾಯಿ ಮಾತ್ರ ನಿಮ್ಮವೇ.

ಶ್ರೀಗಂಧ ಹೋಗಿದೆ.

ಮೇಲಿನ ಯಾವುದನ್ನೂ ಓದುತ್ತಾ ಕೂರಬೇಡಿ, ಅರಣ್ಯ ಇಲಾಖೆಗೂ ಠಾಣೆಗೂ ಇವತ್ತೇ ದೂರು ಕೊಡಿ. 2001ರ ತಿದ್ದುಪಡಿಯಿಂದ ನಿಮ್ಮ ನೆಲದ ಗಂಧದ ಮರಕ್ಕೆ ನೀವೇ ಒಡೆಯರು. ಬೆಲೆ ಚೇಗಿನ ತೂಕದ ಮೇಲೆ. ಬೇರಿನಲ್ಲೂ ಎಣ್ಣೆ ಇರುವುದರಿಂದ ಕಳ್ಳರು ಮತ್ತೆ ಬರಬಹುದು, ಬೊಡ್ಡೆಗೆ ಕಾವಲಿಡಿ.

ಮನೆ ಮುಂದಿನ ಫುಟ್‌ಪಾತಿನ ಮರ, ನಮ್ಮಜ್ಜಿ ನೆಟ್ಟದ್ದು.

ಅಜ್ಜಿ ನೆಟ್ಟರೂ ಅದು ಸಾರ್ವಜನಿಕ ಮರ. ದೂರು ಕೊಡಬಹುದು, ಬೆಲೆ ಕೇಳಲಾಗದು.

ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಪಕ್ಕದ ಮನೆಯ ಕಂಟ್ರಾಕ್ಟರ್ ನಮ್ಮ ಓಕ್ ಕಡಿದಿದ್ದಾನೆ.

ಅಲ್ಲಿನ ಸಿವಿಲ್ ಕೋಡಿನ 3346ನೇ ಕಲಮಿನಲ್ಲಿ ಬೇಕೆಂದೇ ಕಡಿದರೆ ನಷ್ಟದ ಮೂರು ಪಟ್ಟು, ತನ್ನದೇ ಜಾಗವೆಂದು ತಪ್ಪು ತಿಳಿದು ಕಡಿದರೆ ಎರಡು ಪಟ್ಟು. ಅಲ್ಲಿ ಪ್ರಮಾಣಪತ್ರ ಪಡೆದ ಆರ್ಬರಿಸ್ಟ್‌ಗಳು ಸಿಗುತ್ತಾರೆ, ವರದಿ ಅವರಿಂದಲೇ ಬರೆಸಿ. ಬೊಡ್ಡೆ ತೆಗೆಸಬೇಡಿ ಎಂಬ ಮಾತು ಅಲ್ಲಿಗೂ ಸೇರಿ.

ಎಷ್ಟು ದಿನದೊಳಗೆ ದಾವೆ ಹೂಡಬೇಕು? ರಾಜಿ ಮಾಡಿಕೊಂಡರೆ ತಪ್ಪೇ?

ಸ್ಥಿರಾಸ್ತಿಗೆ ಅತಿಕ್ರಮವಾಗಿ ನುಗ್ಗಿ ಮಾಡಿದ ನಷ್ಟಕ್ಕೆ 1963ರ ಕಾಲಮಿತಿ ಅಧಿನಿಯಮದಲ್ಲಿ ಮೂರು ವರ್ಷ. ದೂರು, ನೋಟಿಸು, ಮಾತುಕತೆ ಎನ್ನುತ್ತಾ ಆ ಮೂರು ವರ್ಷ ಕಳೆದುಕೊಂಡವರನ್ನು ನಾನು ಬಲ್ಲೆ.

ರಾಜಿ ತಪ್ಪೇನಲ್ಲ. ಅದೇ ಗೋಡೆಯ ಆಚೆಗೆ ಬದುಕಬೇಕಾದವರು ಅವರು. ಮೊತ್ತ, ಕಂತು, ಯಾವ ಗಿಡ ಎಲ್ಲಿ ನೆಡಬೇಕು, ಅದು ಸತ್ತರೆ ಮತ್ತೆ ಯಾರು ನೆಡಬೇಕು, ಎಲ್ಲ ಬರೆದು ಸಹಿ ಆಗಲಿ. ಲೋಕ ಅದಾಲತ್ತಿನಲ್ಲಿ ಮುಗಿಸಿಕೊಂಡರೆ ಆ ತೀರ್ಪಿಗೆ ಡಿಕ್ರಿಯ ಬಲ ಇರುತ್ತದೆ, ಮೇಲ್ಮನವಿ ಇಲ್ಲ. ನಾನು ಕೊನೆಗೆ ಒಪ್ಪಿಕೊಂಡದ್ದು ಗಿಡದ ಖರ್ಚು, ಎರಡು ವರ್ಷದ ನೀರಿನ ಖರ್ಚು ಮತ್ತು ಅವರ ಕಡೆಯಿಂದ ಗೋಡೆಗೆ ಆನಿಸಿ ಏನೂ ಕಟ್ಟುವುದಿಲ್ಲ ಎಂಬ ಒಂದು ಸಾಲು. ಬೊಡ್ಡೆ ಉಳಿಸಿಕೊಂಡಿದ್ದರೆ ಇದರ ಮೂರರಷ್ಟು ಕೇಳಬಹುದಿತ್ತು ಎಂದರು ವಕೀಲರು. ಹೊಸ ಸಂಪಿಗೆ ಈಗ ಕಾಂಪೌಂಡಿನ ಎತ್ತರಕ್ಕೆ ಬಂದಿದೆ, ಇನ್ನೂ ಹೂ ಬಿಟ್ಟಿಲ್ಲ.